ಗಾಜಿನ ತೊಟ್ಟಿಯಲ್ಲಿ ಕಡಲು: ತಳಹಾಸು ಮತ್ತು ಜೀವಿಗಳ ಆಯ್ಕೆಯಲ್ಲಿ ವಿವೇಕ

ದಾವಣಗೆರೆಗೂ ಕಡಲಿಗೂ ನಡುವೆ ಇಡೀ ಪಶ್ಚಿಮ ಘಟ್ಟವಿದೆ. ಆದರೂ ನಮ್ಮ ನಗರದ ಹೋಟೆಲು, ಆಸ್ಪತ್ರೆ, ಆಭರಣ ಮಳಿಗೆಗಳ ಮಾಲೀಕರು ಹಾಗೂ ಹೊಸ ಮನೆ ಕಟ್ಟಿಸಿದ ಗೃಹಸ್ಥರು ಸಾಮಾನ್ಯ ಮೀನಿನ ತೊಟ್ಟಿಯಿಂದ ತೃಪ್ತರಾಗದೆ, ಬಣ್ಣಬಣ್ಣದ ಕಡಲ ಮೀನುಗಳೂ ಹವಳವೂ ಉಳ್ಳ ಉಪ್ಪುನೀರಿನ ಅಕ್ವೇರಿಯಂ ಬೇಕೆಂದು ವಿಚಾರಿಸುವುದುಂಟು. ಈ ಬೇಡಿಕೆಯನ್ನು ಪೂರೈಸುವ ಅಕ್ವೇರಿಯಂ ವರ್ತಕರಿಗೂ, ಅದಕ್ಕೆ ಬೇಕಾದ ಸ್ಟ್ಯಾಂಡು, ಕೊಳವೆ, ಗಾಜಿನ ಕೆಲಸ ಮಾಡಿಕೊಡುವ ಹರಿಹರ-ದಾವಣಗೆರೆಯ ಸಣ್ಣ ಉದ್ಯಮಿಗಳಿಗೂ ಇದೊಂದು ಅವಕಾಶವೇ ಸರಿ. ಆದರೆ ತಿಳಿವಳಿಕೆಯಿಲ್ಲದೆ ಕೈಹಾಕಿದರೆ ಗ್ರಾಹಕನ ಹಣ, ಮೂಕಜೀವಿಗಳ ಪ್ರಾಣ ಹಾಗೂ ವರ್ತಕನ ಹೆಸರು ಮೂರೂ ಒಟ್ಟಿಗೆ ಹೋಗುವ ವ್ಯವಹಾರವಿದು. ಇನ್ನೂ ಒಂದು ಹೆಜ್ಜೆ ತಪ್ಪಿದರೆ ಕಾರಾಗೃಹದ ಬಾಗಿಲೂ ತೆರೆದೀತು.

ಸಾಮಾನ್ಯವಾಗಿ ಗ್ರಾಹಕನು ಮೊದಲು ಮೀನನ್ನು ಮೆಚ್ಚುತ್ತಾನೆ. ಅನಂತರ ತೊಟ್ಟಿ, ಕೊನೆಗೆ ಕೈಗೆ ಸಿಕ್ಕ ಮರಳು. ಈ ಕ್ರಮವು ತಲೆಕೆಳಗಾದುದು. ಕಾನೂನು ಮೊದಲು, ನೀರು ಎರಡನೆಯದು, ತಳಹಾಸು ಮೂರನೆಯದು, ಜೀವಿಗಳು ಕಟ್ಟಕಡೆಗೆ. ಈ ಕ್ರಮದಲ್ಲಿ ನಡೆದವರ ತೊಟ್ಟಿ ವರ್ಷಗಟ್ಟಲೆ ನಿಲ್ಲುತ್ತದೆ. ಪ್ರಸ್ತುತ ಲೇಖನವೂ ಇದೇ ಕ್ರಮವನ್ನು ಅನುಸರಿಸಿದೆ.

ಹವಳ ಮಾರಾಟದ ಸರಕಲ್ಲ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕೊಳಲು ಹವಳ ಹಾಗೂ ಕಡಲ ಬೀಸಣಿಗೆಗಳನ್ನು ಸೇರಿಸಲಾಯಿತು. ಕಡಲ್ಗುದುರೆಗಳು, ಕಡಲ ಸೌತೆಗಳು, ದೈತ್ಯ ಕಪ್ಪೆಚಿಪ್ಪುಗಳು ಮತ್ತು ಅಲಂಕಾರಕ್ಕೆ ಬಳಸುವ ಕೆಲವು ಶಂಖಗಳಿಗೂ ಈ ಕಾಯ್ದೆಯ ರಕ್ಷಣೆಯಿದೆ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅನುಸೂಚಿಗಳು ಹೊಸ ರೂಪ ತಾಳಿದವಾದರೂ ಹವಳಕ್ಕಿರುವ ರಕ್ಷಣೆ ಸಡಿಲಗೊಂಡಿಲ್ಲ. ಮೊದಲನೆಯ ಅನುಸೂಚಿಯ ಜೀವಿಗಳ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ವಿಧಿಸಬಹುದಾಗಿದೆ.

ಇಲ್ಲಿ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಕಾನೂನಿನ ದೃಷ್ಟಿಯಲ್ಲಿ ಜೀವಂತ ಹವಳ, ಸತ್ತ ಹವಳ ಎಂಬ ಭೇದವಿಲ್ಲ. ಷೋಕೇಸಿನಲ್ಲಿಡುವ ಬಿಳಿ ಹವಳದ ಕೊಂಬೆ, ತೊಟ್ಟಿಯ ತಳಕ್ಕೆಂದು ಚೀಲದಲ್ಲಿ ಬರುವ ಹವಳದ ಚೂರು, ಸಮುದ್ರದಿಂದಲೇ ಕಿತ್ತು ತಂದ ‘ಲೈವ್ ರಾಕ್’ ಎಂಬ ಬಂಡೆ, ಇವೆಲ್ಲವೂ ಆಕ್ಷೇಪಣೆಗೆ ಒಳಗಾಗುವ ಸರಕುಗಳೇ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ‘ಬೆಂಗಳೂರಿನ ಸಗಟು ವ್ಯಾಪಾರಿ ಕೊಟ್ಟ, ನಾವು ಮಾರಿದೆವು’ ಎಂಬ ಸಮಜಾಯಿಷಿ ನಮ್ಮನ್ನು ಕಾಪಾಡದು.

ವಿದೇಶಿ ಜೀವಿಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಅಲಂಕಾರಿಕ ಮೀನುಗಳ ಆಮದಿಗೆ ಪೂರ್ವಾನುಮತಿ ಹಾಗೂ ಕ್ವಾರಂಟೈನ್ ನಿಯಮಗಳಿವೆ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂಬ ನಿಯಮಗಳು 2024ರಲ್ಲಿ ಬಂದಿವೆ. ಕೇಂದ್ರ ಸರ್ಕಾರವು 2017ರಲ್ಲಿ ಅಕ್ವೇರಿಯಂ ಅಂಗಡಿಗಳಿಗಾಗಿ ಹೊರಡಿಸಿದ್ದ ಕಠಿಣ ನಿಯಮಾವಳಿಯನ್ನು ಬಳಿಕ ಹಿಂದೆಗೆದುಕೊಂಡಿತು. ಆ ನಿಯಮಗಳು ಹೋದವೆಂದರೆ ವನ್ಯಜೀವಿ ಕಾಯ್ದೆಯೂ ಹೋಯಿತೆಂದು ಭಾವಿಸಿದವರಿದ್ದಾರೆ. ಅದು ತಪ್ಪು ತಿಳಿವಳಿಕೆ.

ಈ ಕಟ್ಟುನಿಟ್ಟು ನಿಷ್ಕಾರಣವಾದುದಲ್ಲ. ಭಾರತದ ಮುಖ್ಯ ಹವಳ ಪ್ರದೇಶಗಳು ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿ, ಲಕ್ಷದ್ವೀಪ ಹಾಗೂ ಅಂಡಮಾನ್-ನಿಕೋಬಾರ್. ಮನ್ನಾರ್ ಕೊಲ್ಲಿಯಲ್ಲಿ ಒಂದು ಕಾಲಕ್ಕೆ ಸುಣ್ಣಕ್ಕಾಗಿ ಹವಳವನ್ನೇ ಅಗೆದು ಸಾಗಿಸುತ್ತಿದ್ದರು. ನಮ್ಮ ರಾಜ್ಯದ ಪಾಲಿಗೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಕಡಲಿನ ತಾಪ ಏರಿದ 1998, 2010, 2016 ಮತ್ತು 2024ರ ವರ್ಷಗಳಲ್ಲಿ ಹವಳಗಳು ಬಣ್ಣಗೆಟ್ಟು ಬಿಳಿಚಿಕೊಂಡವು. ಹೀಗೆ ಬಳಲಿರುವ ದಿಬ್ಬವನ್ನು ಮುರಿದು ನಮ್ಮ ಹಜಾರವನ್ನು ಅಲಂಕರಿಸುವುದು ಕಾನೂನಿಗೂ ಧರ್ಮಕ್ಕೂ ಸಮ್ಮತವಲ್ಲ.

ಹಾಗಾದರೆ ಹವಳದ ದಿಬ್ಬದ ಸೊಬಗುಳ್ಳ ತೊಟ್ಟಿ ಅಸಾಧ್ಯವೇ? ಖಂಡಿತ ಅಲ್ಲ. ಕೃತಕ ಬಂಡೆ, ಸೂಕ್ತ ತಳಹಾಸು, ಮೊಟ್ಟೆಕೇಂದ್ರಗಳಲ್ಲಿ ಹುಟ್ಟಿ ಬೆಳೆದ ಮೀನು, ಕೆಲವು ಸೀಗಡಿ ಮತ್ತು ಬಸವನಹುಳು ಇಷ್ಟರಿಂದಲೇ ಕಣ್ಣಿಗೆ ಹಬ್ಬವಾಗುವ ತೊಟ್ಟಿಯನ್ನು ಕಟ್ಟಬಹುದು. ನಮ್ಮ ವರ್ತಕರು ಮಾರಬೇಕಾದುದು ಇದನ್ನೇ.

ನೀರು ಮತ್ತು ತಾಪ

ದಾವಣಗೆರೆ ನಗರಕ್ಕೆ ನೀರು ಬರುವುದು ತುಂಗಭದ್ರೆಯಿಂದಲೂ ಭದ್ರಾ ನಾಲೆಯಿಂದಲೂ. ಕುಡಿಯಲು ಶುದ್ಧೀಕರಿಸಿದ ಈ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೊಳವೆಬಾವಿಯ ನೀರಾದರೆ ಲವಣಾಂಶ ಹೆಚ್ಚು. ಎರಡೂ ಕಡಲ ಜೀವಿಗಳಿಗೆ ನೇರವಾಗಿ ಒಗ್ಗುವುದಿಲ್ಲ. ಆರ್.ಓ. ಯಂತ್ರದ ನೀರಿಗೆ ಅಕ್ವೇರಿಯಂಗೆಂದೇ ತಯಾರಾದ ಕಡಲುಪ್ಪಿನ ಮಿಶ್ರಣವನ್ನು ಕಲಸಬೇಕು. ಅಡುಗೆಯ ಉಪ್ಪು ಕೇವಲ ಸೋಡಿಯಂ ಕ್ಲೋರೈಡ್. ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವು ಅದರಲ್ಲಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಲವಣ, 1.025ರಷ್ಟು ಸಾಪೇಕ್ಷ ಸಾಂದ್ರತೆ, 8.1ರಿಂದ 8.4ರವರೆಗಿನ ಪಿಎಚ್ ಇವು ಗುರಿಯಾಗಿರಲಿ.

ನಮ್ಮ ಊರಿನ ನಿಜವಾದ ಶತ್ರು ಬೇಸಿಗೆ. ಕಡಲ ಮೀನುಗಳಿಗೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತಕರ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿನ ಹಗಲಿನ ತಾಪ ಇದನ್ನು ಬಹಳವಾಗಿ ಮೀರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಮೇಲಾಗಿ 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಕಡಲ ನೀರು ಹಿಡಿಯುವುದು 7ಕ್ಕಿಂತ ಕಡಿಮೆ. ಆದ್ದರಿಂದ ಸಿಹಿನೀರಿನ ತೊಟ್ಟಿಯಲ್ಲಿ ಇಡುವಷ್ಟು ಮೀನುಗಳನ್ನು ಇಲ್ಲಿ ಇಡಲಾಗದು. ಹವಾನಿಯಂತ್ರಿತ ಕೊಠಡಿ ಅಥವಾ ಚಿಲ್ಲರ್, ವಿದ್ಯುತ್ ಕೈಕೊಟ್ಟಾಗ ನೀರಾಡಿಸಲು ಬ್ಯಾಟರಿಯ ಏರ್ ಪಂಪ್ ಇವೆರಡನ್ನೂ ಅಂದಾಜು ಪಟ್ಟಿಯಲ್ಲಿ ಮೊದಲೇ ಸೇರಿಸಬೇಕು. ‘ಆಮೇಲೆ ನೋಡೋಣ’ ಎಂದ ಗ್ರಾಹಕನ ತೊಟ್ಟಿ ಮೊದಲ ಬೇಸಿಗೆಯನ್ನು ದಾಟುವುದು ಕಷ್ಟ.

ಒಣಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಉಪ್ಪು ಆವಿಯಾಗದು. ಕಡಿಮೆಯಾದ ನೀರಿಗೆ ಶುದ್ಧ ಆರ್.ಓ. ನೀರನ್ನೇ ತುಂಬಬೇಕೇ ಹೊರತು ಮತ್ತೆ ಉಪ್ಪುನೀರನ್ನಲ್ಲ. ಈ ಒಂದು ಮಾತನ್ನು ಗ್ರಾಹಕನಿಗೆ ಬರೆದುಕೊಟ್ಟರೆ ಅನೇಕ ಮೀನುಗಳ ಪ್ರಾಣ ಉಳಿದೀತು.

ತಳಹಾಸು: ತುಂಗಭದ್ರೆಯ ಮರಳು ಏಕೆ ಸಲ್ಲದು?

ಹರಿಹರದಲ್ಲಿ ನದಿಯೇ ಬಾಗಿಲಿನಲ್ಲಿರುವಾಗ ಮರಳಿಗೆ ಹಣವೇಕೆ ಎಂಬ ಪ್ರಶ್ನೆ ಸಹಜ. ನದಿಯ ಮರಳು ಮುಖ್ಯವಾಗಿ ಬೆಣಚುಕಲ್ಲಿನ ಕಣ. ಅದು ನೀರಿನ ರಾಸಾಯನಿಕ ಸಮತೋಲನಕ್ಕೆ ಏನನ್ನೂ ಕೊಡುವುದಿಲ್ಲ. ಅದರೊಡನೆ ಬರುವ ಮಣ್ಣು, ಕಬ್ಬಿಣದ ಅಂಶ, ಕೊಳೆ ಎಷ್ಟು ತೊಳೆದರೂ ಪೂರ್ತಿ ಹೋಗವು. ನದಿಪಾತ್ರದಿಂದ ಮರಳು ತೆಗೆಯಲು ಪರವಾನಗಿ ಬೇಕೆಂಬುದಂತೂ ನಮ್ಮ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಡಲತೀರದ ಮರಳನ್ನು ತರುವುದಕ್ಕೂ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳಿವೆ.

ಕಡಲ ತೊಟ್ಟಿಗೆ ಬೇಕಾದುದು ಸುಣ್ಣದ ಅಂಶವುಳ್ಳ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ತಳಹಾಸು. ಕೊಳೆಯುವ ಆಹಾರ, ಮೀನಿನ ಉಚ್ಚಿಷ್ಟಗಳಿಂದ ಮರಳಿನ ಸಂದುಗಳಲ್ಲಿ ಆಮ್ಲ ಉಂಟಾದಾಗ ಈ ಕಣಗಳು ನಿಧಾನವಾಗಿ ಕರಗಿ ಪಿಎಚ್ ಕುಸಿತವನ್ನು ತಡೆಯುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಅರಗೊನೈಟ್ ಮತ್ತು ಕ್ಯಾಲ್ಸೈಟ್ ಎಂಬ ಎರಡು ಮುಖ್ಯ ಬಗೆಗಳಿವೆ. ಅರಗೊನೈಟ್ ಹೆಚ್ಚು ಸುಲಭವಾಗಿ ಕರಗುವುದರಿಂದ ಶ್ರೇಷ್ಠ. ಅಮೃತಶಿಲೆಯ ಚೂರು ಕ್ಯಾಲ್ಸೈಟ್ ಆದುದರಿಂದ ಅದರ ಉಪಕಾರ ಅಲ್ಪ. ಕೋಳಿ ಸಾಕಣೆಯವರು ಬಳಸುವ ಚಿಪ್ಪಿನ ಪುಡಿಯೂ ಸುಣ್ಣದ್ದೇ ಆದರೂ ಕಣ ಒರಟು, ಅಂಚು ಚೂಪು. ಮೀನಿನ ಮೇವಿನ ಕೊಳೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಒಂದು ಚಮಚ ಮರಳಿಗೆ ವಿನೆಗರ್ ಹನಿಸಿದಾಗ ನೊರೆ ಬಂದರೆ ಸುಣ್ಣದ ಅಂಶವಿದೆ, ಬಾರದಿದ್ದರೆ ಬೆಣಚು. ಆದರೆ ಆ ಸುಣ್ಣವು ಗಣಿಯಿಂದ ಬಂದದ್ದೋ, ಹವಳವನ್ನು ಪುಡಿಮಾಡಿದ್ದೋ ಎಂಬುದನ್ನು ವಿನೆಗರ್ ಹೇಳದು. ಅದಕ್ಕೆ ಸರಬರಾಜುದಾರನ ಬಿಲ್ಲು ಮತ್ತು ಮೂಲದ ದಾಖಲೆಯೇ ಸಾಕ್ಷಿ. ಅವನ್ನು ಕೇಳಿ ಪಡೆದು ಕಡತದಲ್ಲಿಡುವುದು ವರ್ತಕನ ಕರ್ತವ್ಯ.

ಎಷ್ಟು ಮರಳು ಬೇಕು? 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಗೆ 3 ಸೆಂ.ಮೀ. ದಪ್ಪ ಹಾಸಲು ಸುಮಾರು 12 ಲೀಟರ್, ತೂಕದಲ್ಲಿ 17-18 ಕಿಲೋ ಬೇಕಾಗುತ್ತದೆ. ಹೊಸಬರಿಗೆ 2ರಿಂದ 5 ಸೆಂ.ಮೀ. ದಪ್ಪ ಸಾಕು. ತೀರ ದಪ್ಪ ಹಾಸಿದರೆ ತಳದಲ್ಲಿ ಆಮ್ಲಜನಕವಿಲ್ಲದ ಪದರ ಉಂಟಾಗುತ್ತದೆ. ಅದು ನೈಟ್ರೇಟನ್ನು ಕಡಿಮೆ ಮಾಡುವುದು ನಿಜವಾದರೂ, ಅರಿವಿಲ್ಲದೆ ಕೆದಕಿದರೆ ವಿಷಾನಿಲ ಹೊರಬರಬಹುದು. ಬಂಡೆಗಳನ್ನು ಮರಳಿನ ಮೇಲಿಡದೆ ಮೊದಲು ಗಾಜಿನ ತಳದ ಮೇಲೆಯೇ ಭದ್ರವಾಗಿ ಕೂರಿಸಿ ಅನಂತರ ಮರಳು ಹಾಸಬೇಕು. ಇಲ್ಲವಾದಲ್ಲಿ ಬಿಲ ತೋಡುವ ಮೀನು ಅಡಿಪಾಯವನ್ನೇ ಕಿತ್ತು ಬಂಡೆಯನ್ನು ಗಾಜಿನ ಮೇಲೆ ಉರುಳಿಸೀತು.

ಹಾಸಿಗೆಗೆ ತಕ್ಕ ಜೀವಿ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಇಲ್ಲಿ ‘ತಳಹಾಸು ಇದ್ದಂತೆ ಜೀವಿಯನ್ನು ಆರಿಸು’ ಎಂದು ಓದಿಕೊಳ್ಳಬಹುದು. ಮರಳನ್ನು ಬಾಯಿಂದ ಸೋಸಿ ಉಣ್ಣುವ ಗೋಬಿ ಮೀನುಗಳಿಗೆ ಸಕ್ಕರೆಯಂತಹ ನುಣ್ಣನೆಯ ಮರಳು ಬೇಕು. ಒರಟು ಚೂರುಗಳಿದ್ದರೆ ಅವು ಹಸಿದು ಸಾಯುತ್ತವೆ. ರಾತ್ರಿ ಮರಳಿನಲ್ಲಿ ಹೂತುಕೊಂಡು ನಿದ್ರಿಸುವ ರ‍್ಯಾಸ್ ಮೀನುಗಳಿಗೆ ಸುಮಾರು 5 ಸೆಂ.ಮೀ. ದಪ್ಪದ ಮೆದು ಹಾಸು ಅವಶ್ಯ. ಪಿಸ್ತೂಲು ಸೀಗಡಿಯೊಡನೆ ಒಂದೇ ಬಿಲದಲ್ಲಿ ಬಾಳುವ ಕಾವಲು ಗೋಬಿಗೆ ನುಣುಪು ಮರಳಿನ ಜೊತೆ ಸಣ್ಣ ಕಲ್ಲಿನ ಚೂರುಗಳೂ ಬೇಕು. ಸೀಗಡಿ ಬಿಲವನ್ನು ತೋಡುತ್ತದೆ, ಮಂದದೃಷ್ಟಿಯ ಅದಕ್ಕೆ ಮೀನು ಕಾವಲು ಕಾಯುತ್ತದೆ. ಬರೀ ನುಣುಪು ಮರಳಿನಲ್ಲಿ ಬಿಲ ನಿಲ್ಲದೆ ಕುಸಿಯುತ್ತದೆ. ಜಾ-ಫಿಶ್ ಎಂಬ ಬಿಲವಾಸಿಗೆ 10 ಸೆಂ.ಮೀ.ಗೂ ಮಿಗಿಲಾದ ಆಳ ಬೇಕಾದುದರಿಂದ ಅದು ಹೊಸಬರ ತೊಟ್ಟಿಗೆ ಹೇಳಿಸಿದ್ದಲ್ಲ. ಪಂಪಿನ ಸೆಳೆತ ಬಲವಾಗಿದ್ದಲ್ಲಿ ತೀರ ನುಣುಪಾದ ಮರಳು ಹಾರಿ ನೀರು ಬಗ್ಗಡವಾಗುತ್ತದೆ. ಅಂತಹ ತೊಟ್ಟಿಗೆ 1-2 ಮಿ.ಮೀ. ಕಣವೇ ಯೋಗ್ಯ. ಆಗ ಮರಳು ಸೋಸುವ ಮೀನನ್ನು ಬಿಡಬೇಕು. ಎರಡನ್ನೂ ಬಯಸುವ ಗ್ರಾಹಕನಿಗೆ ಒಂದನ್ನು ಆರಿಸಿಕೊಳ್ಳಲು ಹೇಳುವುದೇ ಪ್ರಾಮಾಣಿಕ ವ್ಯಾಪಾರ.

ಯಾರೊಡನೆ ಯಾರು?

ಮೊದಲ ಮೀನಾಗಿ ಕ್ಲೌನ್ ಮೀನಿಗೆ ಸಾಟಿಯಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಮಂಡಪಂ ಮತ್ತು ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಹಲವು ಕ್ಲೌನ್ ಹಾಗೂ ಡ್ಯಾಮ್ಸೆಲ್ ಮೀನುಗಳ ಸಂತಾನೋತ್ಪತ್ತಿಯ ವಿಧಾನವನ್ನು ರೂಢಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ಸ್ಥಳೀಯ ಮಹಿಳೆಯರಿಗೆ ಅಲಂಕಾರಿಕ ಸೀಗಡಿ ಸಾಕಣೆಯನ್ನು ಕಲಿಸಿದೆ. ಹೀಗೆ ಸಾಕಿದ ಜೀವಿ ತೊಟ್ಟಿಯ ನೀರಿಗೂ ಕೊಡುವ ಮೇವಿಗೂ ಮೊದಲೇ ಒಗ್ಗಿರುತ್ತದೆ. ಕಡಲಿನಿಂದ ಹಿಡಿದ ಮೀನು ಅಗ್ಗವಾಗಿ ಕಂಡರೂ ಪ್ರಯಾಣದಲ್ಲಿ ಬಳಲಿ, ರೋಗ ಹೊತ್ತು, ಮೇವು ಮುಟ್ಟದೆ ಸಾಯುವ ಸಂಭವ ಹೆಚ್ಚು. ಆಗ್ನೇಯ ಏಷ್ಯಾದ ಕೆಲವೆಡೆ ಸಯನೈಡ್ ಸಿಂಪಡಿಸಿ ಮೀನು ಹಿಡಿಯುವ ಕ್ರೂರ ಪದ್ಧತಿ ಇದ್ದುದೂ ದಾಖಲಾಗಿದೆ.

ಕ್ಲೌನ್ ಮೀನುಗಳಲ್ಲಿ ಒಂದೇ ಜಾತಿಯ ಒಂದು ಜೋಡಿ ಸಾಕು. ಎರಡು ಬೇರೆ ಜಾತಿಗಳನ್ನು ಸೇರಿಸಿದರೆ ಜಗಳ ಖಚಿತ. ಜೋಡಿಯಲ್ಲಿ ದೊಡ್ಡದು ಹೆಣ್ಣು. ಹೆಣ್ಣು ಸತ್ತರೆ ಉಳಿದ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಸಾಕಿದ ಕ್ಲೌನ್ ಮೀನಿಗೆ ಅನಿಮೋನ್ ಎಂಬ ಕಡಲ ಹೂವಿನ ಆಶ್ರಯ ಅನಿವಾರ್ಯವಲ್ಲ. ಅನಿಮೋನ್‌ಗೆ ಪ್ರಖರ ಬೆಳಕು ಮತ್ತು ಹಳೆಯದಾಗಿ ನೆಲೆಗೊಂಡ ತೊಟ್ಟಿ ಬೇಕು. ಸರಿಹೋಗದಿದ್ದರೆ ಸ್ಥಳ ಬದಲಿಸುತ್ತ ಹೋಗಿ ಪಂಪಿಗೆ ಸಿಕ್ಕಿ ಇಡೀ ನೀರನ್ನು ಕೆಡಿಸುತ್ತದೆ. ‘ಮೀನಿನೊಡನೆ ಹೂವೂ ಬೇಕು’ ಎನ್ನುವವರಿಗೆ ಮೊದಲ ವರ್ಷ ಬೇಡವೆನ್ನಬೇಕು.

2003ರಲ್ಲಿ ‘ಫೈಂಡಿಂಗ್ ನೆಮೊ’ ಚಲನಚಿತ್ರ ಬಂದ ಮೇಲೆ ಮಕ್ಕಳು ಕೇಳುವ ಇನ್ನೊಂದು ಮೀನು ನೀಲಿ ಟ್ಯಾಂಗ್. ಅಂಗೈಯಗಲದ ಮರಿಯಾಗಿ ಬಂದರೂ ಅದು ಸುಮಾರು 30 ಸೆಂ.ಮೀ. ಬೆಳೆಯುತ್ತದೆ, ಬಹು ದೂರ ಈಜುವ ಸ್ವಭಾವದ್ದು. ಚಿಕ್ಕ ತೊಟ್ಟಿ ಅದಕ್ಕೆ ಸೆರೆಮನೆ. ಅಮೆರಿಕದ ಸಂಶೋಧಕರು 2016ರಲ್ಲಿ ಮೊದಲ ಬಾರಿಗೆ ಅದನ್ನು ತೊಟ್ಟಿಯಲ್ಲಿ ಮರಿಮಾಡಿಸಿದರು. ಮಾರುಕಟ್ಟೆಗೆ ಬರುವವುಗಳಲ್ಲಿ ಬಹುಪಾಲು ಕಡಲಿನವೇ. ಸಿಂಹಮೀನಿಗೆ ವಿಷದ ಮುಳ್ಳುಗಳಿದ್ದು, ಬಾಯಿಗೆ ಹಿಡಿಯುವ ಯಾವ ಮೀನನ್ನೂ ಸೀಗಡಿಯನ್ನೂ ಬಿಡದು. ಟ್ರಿಗರ್ ಮೀನು ಏಡಿ-ಸೀಗಡಿಗಳನ್ನು ಮುರಿದು ತಿನ್ನುತ್ತದೆ. ಮ್ಯಾಂಡರಿನ್ ಮೀನು ಕಣ್ಣಿಗೆ ಎಷ್ಟು ಸುಂದರವೋ ಆಹಾರದಲ್ಲಿ ಅಷ್ಟೇ ಹಟಮಾರಿ; ಸೂಕ್ಷ್ಮ ಕಠಿಣಚರ್ಮಿಗಳು ತಾವಾಗಿ ಬೆಳೆಯದ ಹೊಸ ತೊಟ್ಟಿಯಲ್ಲಿ ಅದು ನಿಧಾನವಾಗಿ ಸೊರಗುತ್ತದೆ. ಚಿಟ್ಟೆಮೀನುಗಳಲ್ಲಿ ಅನೇಕವು ಹವಳದ ಜೀವಿಗಳನ್ನೇ ತಿಂದು ಬದುಕುವಂಥವು. ನೀಲಿ ಡ್ಯಾಮ್ಸೆಲ್ ಅಗ್ಗ, ಗಟ್ಟಿ, ಆದರೆ ಕಲಹಪ್ರಿಯ. ಇಡಲೇಬೇಕಾದರೆ ಎಲ್ಲರಿಗಿಂತ ಕೊನೆಗೆ ಬಿಡಬೇಕು.

ಮೇಲಿನ 90×45×45 ಸೆಂ.ಮೀ. ತೊಟ್ಟಿಗೆ ಬಂಡೆ, ಮರಳು ಕಳೆದು ಸುಮಾರು 150 ಲೀಟರ್ ನೀರು ಉಳಿಯುತ್ತದೆ. ಅದಕ್ಕೊಂದು ಸಮಂಜಸ ಪಟ್ಟಿ ಹೀಗಿರಬಹುದು: ಒಂದು ಜೋಡಿ ಕ್ಲೌನ್, ಒಂದು ಕಾವಲು ಗೋಬಿ ಮತ್ತು ಅದರ ಪಿಸ್ತೂಲು ಸೀಗಡಿ, ಒಂದು ಕಾರ್ಡಿನಲ್ ಮೀನು, ಒಂದು ಸ್ವಚ್ಛಕ ಸೀಗಡಿ, ಪಾಚಿ ತಿನ್ನುವ ಕೆಲವು ಬಸವನಹುಳುಗಳು. ನೋಡಲು ಕಡಿಮೆಯೆನಿಸಿದರೂ ತೊಟ್ಟಿ ಬಾಳುವುದು ಈ ಕಡಿಮೆಯಿಂದಲೇ.

ಆತುರಕ್ಕೆ ಇಲ್ಲಿ ಎಡೆಯಿಲ್ಲ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀರು ತುಂಬಿದ ದಿನವೇ ಮೀನು ಬಿಟ್ಟರೆ ಅದರ ತ್ಯಾಜ್ಯದ ಅಮೋನಿಯಾ ಅದನ್ನೇ ಕೊಲ್ಲುತ್ತದೆ. ಪಿಎಚ್ ಹೆಚ್ಚಿರುವ ಕಡಲ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ತೀಕ್ಷ್ಣ. ಬಂಡೆ ಮತ್ತು ಮರಳಿನ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುತ್ತವೆ. ಇವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯಾ ಹಾಗೂ ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆಯೇ ಮೊದಲ ಜೀವಿ. ಅನಂತರ 2-3 ವಾರಕ್ಕೊಂದರಂತೆ, ಸೌಮ್ಯ ಸ್ವಭಾವದವನ್ನು ಮೊದಲು ಬಿಡಬೇಕು. ಹೊಸ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿ ಕನಿಷ್ಠ 4 ವಾರ ಇಟ್ಟು ನೋಡುವುದು ಬಿಳಿಚುಕ್ಕೆ ರೋಗಕ್ಕೆ ತಡೆ. ಆ ರೋಗಕ್ಕೆ ಬಳಸುವ ತಾಮ್ರದ ಔಷಧವನ್ನು ಮುಖ್ಯ ತೊಟ್ಟಿಗೆ ಹಾಕಿದರೆ ಸೀಗಡಿ, ಬಸವನಹುಳುಗಳೆಲ್ಲ ಸಾಯುತ್ತವೆ ಎಂಬುದನ್ನು ಮರೆಯಬಾರದು.

ಸಣ್ಣ ಉದ್ಯಮಿಗಳಿಗೆ ಎರಡು ಮಾತು

ಲೋಹದ ಕೆಲಸದಲ್ಲಿ ಕೈ ಪಳಗಿದ ಹರಿಹರದ ವರ್ಕ್‌ಷಾಪುಗಳಿಗೆ ಇಲ್ಲಿ ಕೆಲಸವುಂಟು. ಮೇಲೆ ಹೇಳಿದ ತೊಟ್ಟಿಯು ನೀರು, ಗಾಜು, ಬಂಡೆ ಸೇರಿ ಸುಮಾರು ಕಾಲು ಟನ್ ತೂಗುತ್ತದೆ. ಸ್ಟ್ಯಾಂಡು ಅದನ್ನು ಅಲುಗದೆ, ಓರೆಯಾಗದೆ ಹೊರಬೇಕು. ಉಪ್ಪುನೀರಿನ ಸಿಂಚನಕ್ಕೆ ಬಣ್ಣವಿಲ್ಲದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿಯೂ ಚುಕ್ಕೆತೂತು ಬೀಳುತ್ತದೆ. 316 ದರ್ಜೆ ಉತ್ತಮ. ನೀರು ತಾಗುವ ಕಡೆ ಹಿತ್ತಾಳೆಯ ವಾಲ್ವು, ತಾಮ್ರದ ಕೊಳವೆ ಸರ್ವಥಾ ಕೂಡದು, ಪಿ.ವಿ.ಸಿ. ಮಾತ್ರ ಸಲ್ಲುತ್ತದೆ.

ಕೃತಕ ಬಂಡೆಯ ತಯಾರಿಕೆಯೂ ಕಷ್ಟವಲ್ಲ. ಸಿಮೆಂಟಿಗೆ ಚಿಪ್ಪಿನ ಚೂರು ಬೆರೆಸಿ ರಂಧ್ರಗಳುಳ್ಳ ಆಕಾರದಲ್ಲಿ ಎರಕ ಹೊಯ್ದು ಒಣಗಿಸಬಹುದು. ಆದರೆ ಹೊಸ ಸಿಮೆಂಟು ನೀರಿನ ಪಿಎಚ್ ಅನ್ನು ವಿಪರೀತ ಏರಿಸುವುದರಿಂದ, ನೀರು ಬದಲಿಸುತ್ತ ವಾರಗಟ್ಟಲೆ ನೆನೆಯಿಟ್ಟು, ಪಿಎಚ್ ಸ್ಥಿರವಾದ ಮೇಲೆಯೇ ಮಾರಾಟಕ್ಕೆ ಇಡಬೇಕು. ಹವಳಕ್ಕೆ ಬದಲಿಯಾಗಿ ಇಂತಹ ಬಂಡೆಯನ್ನು ದಾಖಲೆ ಸಹಿತ ಒದಗಿಸುವವನು ಗ್ರಾಹಕನಿಗೂ ಕಡಲಿಗೂ ಉಪಕಾರ ಮಾಡಿದಂತೆ.

ವರ್ತಕರು ಪಾಲಿಸಬೇಕಾದ ನಿಯಮಗಳು

1. ಹವಳ, ಹವಳದ ಚೂರು, ಕಡಲ್ಗುದುರೆ, ಸಮುದ್ರದ ಬಂಡೆ ಇವನ್ನು ಕೊಳ್ಳಬಾರದು, ಮಾರಬಾರದು, ಷೋಕೇಸಿನಲ್ಲಿಯೂ ಇಡಬಾರದು.
2. ಪ್ರತಿ ಜೀವಿಯ ಹಾಗೂ ತಳಹಾಸಿನ ಮೂಲವನ್ನು ತಿಳಿಸುವ ಬಿಲ್ಲನ್ನು ಕಾಯ್ದಿಡಬೇಕು.
3. ತೊಟ್ಟಿ ಮಾರಿದ ದಿನ ಮೀನು ಮಾರಬಾರದು. ಗ್ರಾಹಕನು ನೀರಿನ ಮಾದರಿ ತಂದು ಪರೀಕ್ಷೆ ಮಾಡಿಸಿದ ಮೇಲೆ ಕೊಡಬೇಕು.
4. ತಳಹಾಸಿನ ಬಗೆ, ದಪ್ಪ ಕೇಳಿ ತಿಳಿದ ಬಳಿಕವೇ ಮರಳಿನ ಮೀನುಗಳನ್ನು ಸೂಚಿಸಬೇಕು.
5. ಚಿಲ್ಲರ್, ಬ್ಯಾಟರಿ ಪಂಪು, ಆರ್.ಓ. ನೀರಿನ ವೆಚ್ಚವನ್ನು ಮೊದಲೇ ಹೇಳಬೇಕು. ಅಷ್ಟು ಭರಿಸಲಾರದವರಿಗೆ ಸಿಹಿನೀರಿನ ಸುಂದರ ತೊಟ್ಟಿಯನ್ನೇ ಸೂಚಿಸುವುದು ಲೇಸು.

ಈ ವ್ಯಾಪಾರದಲ್ಲಿ ಲಾಭವಿರುವುದು ಒಮ್ಮೆ ಮಾರಿದ ಮೀನಿನಲ್ಲಲ್ಲ. ವರ್ಷವರ್ಷವೂ ಉಪ್ಪು, ಮೇವು, ಪರೀಕ್ಷಾ ಸಾಮಗ್ರಿ, ದುರಸ್ತಿಗಾಗಿ ಮರಳಿ ಬರುವ ಗ್ರಾಹಕನಲ್ಲಿ. ಮೀನು ಬದುಕಿದರೆ ಮಾತ್ರ ಆತ ಮರಳಿ ಬರುತ್ತಾನೆ. ‘ಇದು ನಿಮ್ಮ ತೊಟ್ಟಿಗೆ ಹೊಂದುವುದಿಲ್ಲ’ ಎಂದು ನಿಷ್ಠುರವಾಗಿ ಹೇಳುವ ವರ್ತಕನು ಅಂದಿನ ಒಂದು ಮಾರಾಟವನ್ನು ಕಳೆದುಕೊಂಡರೂ ಹತ್ತು ವರ್ಷಗಳ ಗಿರಾಕಿಯನ್ನು ಗಳಿಸುತ್ತಾನೆ.